ಪಿಯಾನೊ ಏರಿಸುವ ಮೊದಲು ಲಿಫ್ಟ್ ಅಳೆಯಿರಿ

ಮಾನ್ಯರೆ,

ಕುಕ್ ಟೌನ್, ಫ್ರೇಜರ್ ಟೌನ್, ರಿಚ್ಮಂಡ್ ಟೌನ್ ಕಡೆ ಹಳೆಯ ಬಂಗಲೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಂತೆ, ಅಜ್ಜಿ-ತಾತಂದಿರ ಕಾಲದ ಪಿಯಾನೊಗಳು ಮೊಮ್ಮಕ್ಕಳ ಫ್ಲ್ಯಾಟ್ ಸೇರುತ್ತಿವೆ. ಬೀರು, ಫ್ರಿಜ್ ಹೊರುವವರೇ ಇದನ್ನೂ ಹೊರುತ್ತಾರೆ. ಪೆಟ್ಟು ಬೀಳುವುದು ರಸ್ತೆಯಲ್ಲಿ ಕಡಿಮೆ, ಹೊಸ ಕಟ್ಟಡದ ಲಿಫ್ಟ್ ಬಾಗಿಲು ಮತ್ತು ಮೆಟ್ಟಿಲ ತಿರುವಿನಲ್ಲೇ ಹೆಚ್ಚು.

ಗೋಡೆಗೆ ಸೇರಿಸಿ ಇಡುವ ಅಪ್‌ರೈಟ್ ಪಿಯಾನೊ ಸಾಮಾನ್ಯವಾಗಿ 200ರಿಂದ 300 ಕೆ.ಜಿ. ತೂಗುತ್ತದೆ. ಇನ್ನೂರಕ್ಕೂ ಹೆಚ್ಚು ತಂತಿಗಳ ಎಳೆತ ಒಟ್ಟು 15–20 ಟನ್. ಅದನ್ನು ತಡೆಯುವ ಎರಕದ ಕಬ್ಬಿಣದ ಚೌಕಟ್ಟು ಹಿಂಭಾಗದಲ್ಲಿದೆ, ಆದ್ದರಿಂದ ಭಾರವೆಲ್ಲ ಹಿಂದಕ್ಕೆ ಎಳೆಯುತ್ತದೆ. ಹಿಂಬದಿಗೆ ಗಟ್ಟಿ ಆಳು ಬೇಕೇ ಬೇಕು. ಮುಂಗಾಲು ಹಿಡಿದು ಎತ್ತಿದರೆ ಕಾಲು ಕಿತ್ತು ಬರುತ್ತದೆ. ಪಿಯಾನೊದ ಚಿಕ್ಕ ಗಾಲಿಗಳು ಕಸ ಗುಡಿಸುವಾಗ ಗೇಣುದ್ದ ಸರಿಸಲಿಕ್ಕಷ್ಟೇ. ಲಿಫ್ಟ್ ಹೊಸ್ತಿಲ ಸಂದಿಗೆ ಸಿಕ್ಕಿಕೊಂಡರೆ ಮುರಿಯುತ್ತವೆ. ರಬ್ಬರ್ ಚಕ್ರದ ಟ್ರಾಲಿ, ಅಗಲದ ಎರಡು ಬೆಲ್ಟ್, ಸಂದಿಗೆ ಹಾಸಲು ಗಟ್ಟಿ ಹಲಗೆ ಇರಲಿ. ಪಾಲಿಶ್ ಮೇಲೆ ನೇರ ಟೇಪ್ ಅಂಟಿಸಬೇಡಿ, ಮೊದಲು ಕಂಬಳಿ ಸುತ್ತಿ.

ಲಿಫ್ಟಿನ ಲೆಕ್ಕ ಎಲ್ಲರೂ ತಪ್ಪುವ ಜಾಗ. ಎಂಟು ಜನರ ಲಿಫ್ಟ್ 544 ಕೆ.ಜಿ. ಹೊರುತ್ತದೆ ಎಂದು ಫಲಕದಲ್ಲಿ ಬರೆದಿರುತ್ತದೆ, ತೂಕದ ಮಟ್ಟಿಗೆ ಸಾಲುತ್ತದೆ. ಆದರೆ ಅದರ ಒಳಗಿನ ಜಾಗ ಸಾಮಾನ್ಯವಾಗಿ 1.3 ಮೀಟರ್ ಅಗಲ, 1.1 ಮೀಟರ್ ಆಳ. ಪಿಯಾನೊ ಸುಮಾರು 1.5 ಮೀಟರ್ ಉದ್ದ, 60 ಸೆಂ.ಮೀ. ದಪ್ಪ, ಓರೆಯಾಗಿ ಇಟ್ಟರೂ ಹಿಡಿಸದು. ಆಗ ಮೆಟ್ಟಿಲು ಹತ್ತಿಸುತ್ತಾರೆ, ತಿರುವಿನಲ್ಲಿ ಲಂಬವಾಗಿ ಎತ್ತಿ ನಿಲ್ಲಿಸುತ್ತಾರೆ. ಬೆರಳು ಜಜ್ಜುವುದು, ಪಿಯಾನೊ ಕೈ ಜಾರುವುದು ಅಲ್ಲೇ. ಸ್ಟ್ರೆಚರ್ ಹಿಡಿಸುವ ಲಿಫ್ಟ್ ಇರುವ ಕಟ್ಟಡಗಳಲ್ಲಿ ನಿವಾಸಿಗಳ ಸಂಘಗಳು ಅದನ್ನು ಒಂದು ಗಂಟೆ ಬಿಟ್ಟುಕೊಡಲಿ. ಲಿಫ್ಟಿನ ಒಳ ಅಳತೆ, ಬಾಗಿಲ ಅಗಲವನ್ನೂ ನೋಟಿಸ್ ಬೋರ್ಡಿನಲ್ಲಿ ಹಾಕಲಿ.

ತಂತಿಗಳು ಅಡ್ಡಲಾಗಿ ಮಲಗಿರುವ, ಮೂರು ಕಾಲಿನ ಗ್ರ್ಯಾಂಡ್ ಪಿಯಾನೊ ಆದರೆ ಅನುಭವಿಗಳಿಗೇ ಒಪ್ಪಿಸಿ. ಮುಚ್ಚಳ ಮತ್ತು ಪೆಡಲಿನ ಜೋಡಣೆ ಬಿಚ್ಚಿ, ಮಂದ್ರದ ಕಡೆಯ ಕಾಲು ತೆಗೆದು, ಆ ನೇರ ಬದಿಯ ಮೇಲೆ ಮೆತ್ತೆ ಹಾಕಿದ ಹಲಗೆಗೆ ಒರಗಿಸಿದ ಮೇಲೆಯೇ ಉಳಿದೆರಡು ಕಾಲು ಬಿಚ್ಚಬೇಕು.

ಇಷ್ಟೆಲ್ಲ ಖರ್ಚಿಗೆ ಮೊದಲು ಟ್ಯೂನರ್ ಒಬ್ಬರಿಗೆ ಹಳೆಯ ಮನೆಯಲ್ಲೇ ತೋರಿಸಿ. ತಂತಿ ಬಿಗಿಯುವ ಪಿನ್ನುಗಳು ಮರದಲ್ಲಿ ಸಡಿಲವಾಗಿದ್ದರೆ ಶ್ರುತಿ ನಿಲ್ಲದು. ಹಿಂಬದಿ ಮರದಲ್ಲಿ ಗೆದ್ದಲು, ತಂತಿಗೆ ಬಡಿಯುವ ಹ್ಯಾಮರ್‌ಗಳ ಉಣ್ಣೆಯಲ್ಲಿ ನುಸಿ ಇದ್ದರೆ ಅವೂ ಹೊಸ ಮನೆಗೆ ಬರುತ್ತವೆ.

ಮನೆಯಲ್ಲಿ ಬಚ್ಚಲ ಗೋಡೆ, ಬಿಸಿಲು ಬೀಳುವ ಕಿಟಕಿ ಎರಡರಿಂದಲೂ ದೂರವಿಡಿ. ಗಾಲಿಗಳ ಕೆಳಗೆ ಮರದ ಬಟ್ಟಲು ಇಡದಿದ್ದರೆ ಟೈಲ್ಸ್ ಬಿರುಕು ಬಿಟ್ಟೀತು. ಬಂದ ದಿನವೇ ಟ್ಯೂನ್ ಮಾಡಿಸಬೇಡಿ. ಹೊಸ ಜಾಗದ ತೇವಾಂಶಕ್ಕೆ ಮರ ಹೊಂದಿಕೊಳ್ಳಲು ಎರಡು-ಮೂರು ವಾರ ಬೇಕು. ವರ್ಷಗಟ್ಟಲೆ ಶ್ರುತಿ ಇಳಿದಿದ್ದ ಪಿಯಾನೊವನ್ನು ಒಂದೇ ಸಲಕ್ಕೆ ಈಗಿನ ವಾಡಿಕೆಯ ಶ್ರುತಿಯಾದ 440 ಹರ್ಟ್ಸ್‌ಗೆ ಏರಿಸಿದರೆ ತುಕ್ಕು ಹಿಡಿದ ತಂತಿ ತುಂಡಾಗಬಹುದು. ಹಂತ ಹಂತವಾಗಿ ಏರಿಸಲು ಹೇಳಿ.

— ಒಬ್ಬ ಪಿಯಾನೊ ಟ್ಯೂನರ್, ಬೆಂಗಳೂರು