ಮಜ್ಜಿಗೆ ಸ್ಟಾಲಿನ ಹುಡುಗಿಗೆ ಥ್ಯಾಂಕ್ಸ್

ಮಾರ್ಚ್ 21ರಂದು ನಮ್ಮ ಸೆಂಟರಿನ ಮೇಳದಲ್ಲಿ ಮಗಳು ಮಜ್ಜಿಗೆ ಮಾರಿದಳು. ದುಡ್ಡು ತೆಗೆದುಕೊಂಡಿದ್ದು, ಚಿಲ್ಲರೆ ಕೊಟ್ಟಿದ್ದು ಎಲ್ಲ ಅವಳೇ. ಅವಳಿಗೆ ಹತ್ತೊಂಬತ್ತು ವರ್ಷ. ಡೌನ್ ಸಿಂಡ್ರೋಮ್ ಇದೆ. ಅವಳನ್ನು ಇಷ್ಟಕ್ಕೆ ತಯಾರು ಮಾಡಿದ್ದು ಫಸ್ಟ್ ಪಿಯುಸಿಯ ಒಬ್ಬ ಹುಡುಗಿ. "ಹೆಸರು ಹಾಕ್ಬೇಡಿ ಆಂಟಿ" ಅಂದಿದ್ದಾಳೆ, ಹಾಕುವುದಿಲ್ಲ. ಆದರೆ ಥ್ಯಾಂಕ್ಸ್ ಮಾತ್ರ ಎಲ್ಲರ ಎದುರೇ ಹೇಳುತ್ತೇನೆ.

ಮೇಳಕ್ಕೆ ಅದೇ ದಿನ ಯಾಕೆ ಅಂದರೆ, ಸಾಮಾನ್ಯವಾಗಿ ಎರಡೇ ಇರುವ 21ನೇ ಕ್ರೋಮೋಸೋಮ್ ಡೌನ್ ಸಿಂಡ್ರೋಮ್ ಇರುವವರಲ್ಲಿ ಮೂರು ಇರುತ್ತವೆ. ಅದಕ್ಕೇ ಮೂರನೇ ತಿಂಗಳ 21. ವಿಶ್ವಸಂಸ್ಥೆ 2012ರಿಂದ ಇದನ್ನು ವಿಶ್ವ ಡೌನ್ ಸಿಂಡ್ರೋಮ್ ದಿನವಾಗಿ ಆಚರಿಸುತ್ತಿದೆ. ಜೋಡಿಯಿಲ್ಲದ ಸಾಕ್ಸ್ ಹಾಕಿಕೊಂಡು ಬರುವುದು ಆ ದಿನದ ಪದ್ಧತಿ. ನಮ್ಮ ಮನೆಯಲ್ಲಿ ವರ್ಷವಿಡೀ ಅದೇ ಕಥೆ, ಬಿಡಿ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ, ರಜೆಯಲ್ಲಿ ಸುಮ್ನೆ ಕೂರುವುದು ಬೇಡ ಅಂತ ಬಂದ ಹುಡುಗಿ ಇವಳು. ಅಂಥವರು ತುಂಬಾ ಜನ ಬರುತ್ತಾರೆ. ಕೇಕ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಇವಳು ಕಾಲೇಜು ಶುರುವಾದ ಮೇಲೂ ಶನಿವಾರ ಬಿಡದೆ ಬಂದಳು. ನನ್ನ ಮಗಳ ಮಾತು ಸ್ವಲ್ಪ ತೊದಲು, ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕು. ಹೆಚ್ಚಿನವರು ಅಷ್ಟರಲ್ಲಿ ನನ್ನ ಕಡೆ ತಿರುಗುತ್ತಾರೆ. ಈ ಹುಡುಗಿ ಕಾಯುತ್ತಾಳೆ. ಹಾಗಂತ ಮುದ್ದು ಮಾಡುವುದಿಲ್ಲ. "ಅಕ್ಕಾ, ಈಗ ಮೊಬೈಲ್ ಕೆಳಗಿಡು, ಮೊದಲು ಲೆಕ್ಕ" ಅಂತ ಗದರುತ್ತಾಳೆ. ಇಬ್ಬರಿಗೂ ಜಗಳ ಆಗುತ್ತದೆ. ಒಮ್ಮೆ ಒಂದು ವಾರ ಪೂರ್ತಿ ಠೂ ಬಿಟ್ಟಿದ್ದರು. ನನ್ನ ಮಗಳ ಜೊತೆ ಸಮಸಮವಾಗಿ ಜಗಳ ಆಡುವವರು ಇಷ್ಟು ದಿನ ಯಾರಿದ್ದರು ಹೇಳಿ?

ಲೆಕ್ಕದ ವಿಷಯ ಹೇಳಲೇಬೇಕು. ಕೇಳಿಸಿಕೊಂಡಿದ್ದಕ್ಕಿಂತ ಕಣ್ಣಲ್ಲಿ ಕಂಡಿದ್ದು ಇವರಿಗೆ ಚೆನ್ನಾಗಿ ನೆನಪಿರುತ್ತದೆ ಅಂತ ಟೀಚರ್ ಒಮ್ಮೆ ಹೇಳಿದ್ದರು. ಹುಡುಗಿ ಅದನ್ನೇ ಹಿಡಿದುಕೊಂಡಳು. ಕೂಡೋದು, ಕಳೆಯೋದು ಬಿಟ್ಟು ನೋಟುಗಳ ಚಿತ್ರ ನೋಡಲು ಕಲಿಸಿದಳು. ಐವತ್ತರ ನೀಲಿ ನೋಟಿನಲ್ಲಿ ಹಂಪಿಯ ಕಲ್ಲಿನ ರಥ ಇದೆಯಲ್ಲ, ಅದು ಮಗಳು ಕಣ್ಣಾರೆ ಕಂಡದ್ದು. ಹತ್ತರ ಕಂದು ನೋಟಿನಲ್ಲಿ ಕೊನಾರ್ಕ್ ದೇವಸ್ಥಾನ. ಮಜ್ಜಿಗೆ ಹತ್ತು ರೂಪಾಯಿ. ಹಂಪಿ ಕೊಟ್ಟವರಿಗೆ ನಾಲ್ಕು ಕೊನಾರ್ಕ್ ವಾಪಸ್. ನೂರರ ನೇರಳೆ ನೋಟು ಕೊಟ್ಟರೆ ಒಂದು ಹಂಪಿ, ನಾಲ್ಕು ಕೊನಾರ್ಕ್. ಇದನ್ನೆಲ್ಲ ಡ್ರಾಯಿಂಗ್ ಶೀಟಿನಲ್ಲಿ ಬಣ್ಣ ಹಾಕಿ ಬರೆದು ಟೇಬಲ್ಲಿಗೆ ಅಂಟಿಸಿದಳು. ನೋಟು ಹಾಕುವ ಡಬ್ಬಿಗಳಿಗೂ ಅದೇ ಬಣ್ಣದ ಕಾಗದ. ನಾನು ವರ್ಷಗಟ್ಟಲೆ ಮಣಿ ಎಣಿಸಿ ಕಲಿಸಿದ್ದಕ್ಕಿಂತ ಇದು ಬೇಗ ತಲೆಗೆ ಹತ್ತಿತು.

ಮೇಳದ ದಿನ ನೋಡಿದರೆ ಅರ್ಧ ಜನ ಫೋನ್ ಹಿಡಿದು "ಸ್ಕ್ಯಾನರ್ ಎಲ್ಲಿ?" ಅನ್ನುತ್ತಾರೆ! ಮಗಳಿಗೆ ಸಿಟ್ಟು ಬಂತು. "ನೋಟು ಕೊಡಿ" ಅಂತ ಹಠ ಹಿಡಿದಳು. ಕೆಲವರು ಪಾಪ, ಪಕ್ಕದ ಸ್ಟಾಲಿನಲ್ಲಿ ನೋಟು ಕೇಳಿ ತಂದುಕೊಟ್ಟರು. ಅವರಿಗೂ ಥ್ಯಾಂಕ್ಸ್. ಒಬ್ಬರು ಹಿರಿಯರು ಮಾತ್ರ ಮಗಳ ಎದುರೇ ಹುಡುಗಿಯನ್ನು, "ಇವಳಿಗೆ ಲೆಕ್ಕ ಬರುತ್ತಾ?" ಅಂತ ಕೇಳಿದರು. "ಅವರನ್ನೇ ಕೇಳಿ ಅಂಕಲ್" ಅಂದುಬಿಟ್ಟು ಅವಳು ಲೋಟ ತೊಳೆಯಲು ಹೋದಳು. ಅಲ್ಲೇ ನಿಂತು ಕಾವಲು ಕಾಯಲಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅದೇ. ಅಂಕಲ್ ನೂರು ಕೊಟ್ಟರು. ತೊಂಬತ್ತು ಸರಿಯಾಗಿ ವಾಪಸ್ ಬಂತು.

ಸೆಂಟರಿನ ಟೀಚರುಗಳಿಗೆ, ಮೊಸರು ಕಡೆದುಕೊಟ್ಟ ಅಮ್ಮಂದಿರಿಗೆ ವಂದನೆಗಳು. ಆ ಹುಡುಗಿಯ ಅಪ್ಪ ಅಮ್ಮನಿಗೂ. ಪಿಯುಸಿ ಓದುವ ಮಗಳ ಶನಿವಾರವನ್ನು ಟ್ಯೂಷನ್ನಿಗೆ ಕೊಡದೆ ನಮಗೆ ಬಿಟ್ಟುಕೊಡುವುದು ಈ ಕಾಲದಲ್ಲಿ ಸಣ್ಣ ವಿಷಯ ಅಲ್ಲ.

ಇನ್ನು ಅವಳು ಸೆಕೆಂಡ್ ಪಿಯುಸಿ. ಪರೀಕ್ಷೆ ಮುಗಿಯುವ ತನಕ ಬರುವುದು ಬೇಡ ಅಂದೆ. "ತಿಂಗಳಿಗೆ ಒಂದ್ಸಲ ಬರ್ತೀನಿ ಆಂಟಿ" ಅಂದಳು. ಮಗಳಿಗೆ ಮುಂದಿನ ಮೇಳದಲ್ಲಿ ಚುರುಮುರಿ ಮಾರಬೇಕಂತೆ. ಅದಕ್ಕೆ ಇಪ್ಪತ್ತು ರೂಪಾಯಿ ಇಡಬೇಕಾಗುತ್ತದೆ, ಚಾರ್ಟು ಪೂರ್ತಿ ಹೊಸದಾಗಿ ಬರೆಯಬೇಕು. ಬಣ್ಣದ ಪೆನ್ಸಿಲ್ ನಾನು ತಂದಿಟ್ಟಿರುತ್ತೇನೆ ಪುಟ್ಟಾ.