ಪಿಎಸ್‌ಐ ಎಕ್ಸಾಂ ಹೇಳಿಕೊಡದ ಅಕ್ಕೋರ ಥ್ಯಾಂಕ್ಸ್

ಮೇ 31, ಶನಿವಾರ, ಬೆಳಗಾವಿಯ ನಮ್ಮ ಲಾ ಕಾಲೇಜಿನಿಂದ ರಿಟೈರ್ ಆದೆ. 31 ವರ್ಷ. ಹಾರ, ಶಾಲು, ಒಂದು ಗೋಡೆ ಗಡಿಯಾರ, ಒಂದು ಡಬ್ಬಿ ಕುಂದಾ, ಭಾಷಣದ ಮೇಲೆ ಭಾಷಣ, ಎಲ್ಲ ಆಯಿತು. ಕೊನೆಗೆ ನನ್ನ ಕೈಗೆ ಮೈಕ್ ಕೊಟ್ಟರು. ರಾತ್ರಿಯೆಲ್ಲ ಕೂತು ಬರೆದುಕೊಂಡಿದ್ದ ಚೀಟಿ ಪರ್ಸಿನಲ್ಲೇ ಇತ್ತು, ಗಂಟಲು ಮಾತ್ರ ಕಟ್ಟಿಹೋಯಿತು. "ಎಲ್ಲಾರಿಗೂ ನಮಸ್ಕಾರ್ರಿ, ಊಟ ಮಾಡೇ ಹೋಗ್ರಿ" ಅಂದು ಕೂತುಬಿಟ್ಟೆ. ಮೂರು ದಶಕ ಪೀರಿಯಡ್ ಮುಗಿದ ಮೇಲೂ ಮಾತು ನಿಲ್ಲಿಸದವಳು ಅವತ್ತು ಒಂದೇ ಸಾಲಿಗೆ ಮುಗಿಸಿದ್ದಕ್ಕೆ ಹುಡುಗರು ಜಾಸ್ತಿ ಚಪ್ಪಾಳೆ ತಟ್ಟಿದರು ಅಂತ ನನಗೆ ಅನುಮಾನ. ಹೇಳಬೇಕಾದ್ದು ಹಾಗೇ ಉಳಿಯಿತಲ್ಲ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಬಳಗದವರಿಗೆ. ನಾನು ಕಲಿಸುತ್ತಿದ್ದದ್ದು ಕಾಂಪಿಟಿಷನ್ ಲಾ, ಸ್ಪರ್ಧಾ ಕಾಯ್ದೆ, ಅಂದರೆ ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿ ನಡೆಯಬೇಕು ಅನ್ನುವ ಕಾನೂನು. ಅದು ಏನು ಅಂತ ಇವತ್ತಿಗೂ ನಮ್ಮ ಮನೆತನದಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ವಿಜಯಪುರದ ಚಿಕ್ಕಮ್ಮ ಮೂರು ಸಲ ಮೂರು ಹುಡುಗರನ್ನು ಕರೆದುಕೊಂಡು ಬಂದಿದ್ದಾಳೆ. "ಏ, ನೀ ಕಾಂಪಿಟಿಷನ್ ಕಲಸ್ತಿಯಂತಲ್ಲ, ಇಂವಗ ಪಿಎಸ್‌ಐ ಎಕ್ಸಾಮಿಗೆ ಸ್ವಲ್ಪ ಹೇಳಿಕೊಡ." ಮೊದಲಿನ ಇಬ್ಬರಿಗೆ ಬಿಡಿಸಿ ಹೇಳಿ, ಚಹಾ ಕುಡಿಸಿ ಕಳಿಸಿದೆ. ಮೂರನೆಯವನ ಮುಖ ನೋಡಿ ಪಾಪ ಅನಿಸಿತು. ಒಂದು ತಿಂಗಳು ಮನೆಯಲ್ಲೇ ಇಟ್ಟುಕೊಂಡು ಸುಮ್ನೆ ಸಂವಿಧಾನ ಓದಿಸಿದೆ. ಅವನು ಪಾಸಾದ. ಚಿಕ್ಕಮ್ಮನ ಲೆಕ್ಕದಲ್ಲಿ ನಾನು ಜೀವನದಲ್ಲಿ ಮಾಡಿದ ಕೆಲಸ ಅಂದರೆ ಅದೊಂದೇ. ಚಿಕ್ಕಮ್ಮಾ, ಥ್ಯಾಂಕ್ಸ್. ಇನ್ನು ಮುಂದೆ ಟೈಮ್ ಇದೆ, ಕಳಿಸು.

ನಿಜ ಹೇಳಬೇಕಂದರೆ ಈ ವಿಷಯ ನನಗೆ ಹಿಡಿಸಿದ್ದು ಯಾವ ಪುಸ್ತಕದಿಂದಲೂ ಅಲ್ಲ, ಅಪ್ಪನಿಂದ. ನಮ್ಮದು ಬಾಗಲಕೋಟೆ ಜಿಲ್ಲೆಯ ಸಣ್ಣ ಹಳ್ಳಿ, ಮನೆಯಲ್ಲಿ ನಾಲ್ಕು ಎಕರೆ ಉಳ್ಳಾಗಡ್ಡಿ. ನಾನು ಏಳನೆಯತ್ತೆ ಇದ್ದಾಗ ಒಂದು ಸಲ ಅಪ್ಪನ ಜೊತೆ ಮಾರ್ಕೆಟ್ಟಿಗೆ ಹೋಗಿದ್ದೆ. ಸವಾಲು, ಅಂದರೆ ಹರಾಜು, ಶುರುವಾಯಿತು. ಒಬ್ಬ ವ್ಯಾಪಾರಿ ರಾಶಿಯಿಂದ ಒಂದು ಗಡ್ಡಿ ತೆಗೆದು, ಹೆಬ್ಬೆರಳಿಂದ ಒತ್ತಿ, ಮೇಲಿನ ಸಿಪ್ಪೆ ಊದಿ, ಒಂದು ರೇಟು ಕೂಗಿದ. ಅವನ ಪಕ್ಕದವನು ಟೊಪ್ಪಿಗೆ ಸರಿ ಮಾಡಿಕೊಂಡ. ಅವನ ಪಕ್ಕದವನು ಆ ಕಡೆ ತಿರುಗಿ ಎಲಿ ಅಡಕಿ ಉಗುಳಿದ. ಅಷ್ಟೇ, ಸವಾಲು ಮುಗಿಯಿತು. ಸಂಜೆ ಬಸ್ಸಿಗೆ ಮುಂಚೆ ಊಟಕ್ಕೆ ಅಂತ ಖಾನಾವಳಿಗೆ ಹೋದರೆ ಮೂವರೂ ಒಂದೇ ಟೇಬಲ್ಲಿಗೆ ಕೂತು, ಯಾರ ಗೋದಾಮಿಗೆ ಎಷ್ಟು ಚೀಲ ಅಂತ ಹಂಚಿಕೊಳ್ಳುತ್ತಿದ್ದರು. ಅಪ್ಪ ಜಗಳ ತೆಗೆಯಲಿಲ್ಲ. ರೊಟ್ಟಿ ಮುರಿಯುತ್ತಾ ಮೆಲ್ಲಗೆ ಹೇಳಿದ, "ನೋಡವ್ವಿ, ಮೂರು ಬಾಯಿ, ಹೊಟ್ಟಿ ಒಂದ."

ಸ್ಪರ್ಧಾ ಕಾಯ್ದೆಯ 3ನೇ ಕಲಂ ಇದನ್ನೇ ಹೇಳುತ್ತದೆ, ಇಪ್ಪತ್ತು ಸಾಲಲ್ಲಿ. ಒಬ್ಬರಿಗೊಬ್ಬರು ಎದುರಾಳಿಗಳಾಗಿ ನಿಲ್ಲಬೇಕಾದವರು ಒಳಗೊಳಗೆ ಮಾತಾಡಿಕೊಂಡು ರೇಟು ಕಟ್ಟುವುದು, ಮಾರ್ಕೆಟ್ ಹಂಚಿಕೊಳ್ಳುವುದು, ಟೆಂಡರಿನಲ್ಲಿ ಒಬ್ಬನಿಗೆ ದಾರಿ ಬಿಡುವುದು. ಆ ಪಾಠ ಬಂದಾಗಲೆಲ್ಲ ಅಪ್ಪನ ಮಾತಿನಿಂದಲೇ ಶುರು ಮಾಡುತ್ತಿದ್ದೆ. ಅಪ್ಪ ಈಗಿಲ್ಲ. ತನ್ನ ಮಾತು ಮೂವತ್ತು ಬ್ಯಾಚಿನ ನೋಟ್‌ಬುಕ್ಕಿನಲ್ಲಿದೆ ಅಂತ ಅವನಿಗೆ ಗೊತ್ತಾಗಲೇ ಇಲ್ಲ.

1994ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು ಏಕಸ್ವಾಮ್ಯ ತಡೆಯುವ ಹಳೆಯ ಎಂಆರ್‌ಟಿಪಿ ಕಾಯ್ದೆ, 1969ರದು. ಸ್ಟಾಫ್ ರೂಮಿನಲ್ಲಿ ಯಾರಿಗೂ ಬೇಡವಾದ ಪೇಪರು, ಹೊಸಬಳು ಅಂತ ನನ್ನ ತಲೆಗೆ ಕಟ್ಟಿದರು. ಆ ಕಾಯ್ದೆಗೆ ದೊಡ್ಡವರಾಗುವುದೇ ಅನುಮಾನದ ವಿಷಯವಾಗಿತ್ತು. ಆಸ್ತಿ 20 ಕೋಟಿ ದಾಟಿದ ಮನೆತನದ ಕಂಪನಿಗಳು ಬೆಳೆಯಬೇಕಂದರೆ ಸರ್ಕಾರದ ಪರವಾನಗಿ ಬೇಕಿತ್ತು, 1985ರಲ್ಲಿ ಆ ಗೆರೆ 100 ಕೋಟಿಗೆ ಏರಿತು, 1991ರಲ್ಲಿ ಆ ಭಾಗವೇ ಹೋಯಿತು. ಅಂದರೆ ನಾನು ಕಲಿಸಲು ಶುರು ಮಾಡಿದ ಹೊತ್ತಿಗೆ ಹಲ್ಲು ಉದುರಿದ ಕಾಯ್ದೆ ಅದು. ಹೊಸ ಕಾಯ್ದೆ ಬರುತ್ತದೆ, ಅದರಲ್ಲೇ ಪಿಎಚ್‌ಡಿ ಮಾಡು ಅಂತ ಬೆನ್ನು ಹತ್ತಿದವರು ಧಾರವಾಡದ ನನ್ನ ಗೈಡ್ ಸರ್.

2004ರಲ್ಲಿ ರಿಜಿಸ್ಟರ್ ಮಾಡಿಸಿದೆ. ಸ್ಪರ್ಧಾ ಕಾಯ್ದೆ 2002ರದು, ಪುಸ್ತಕದಲ್ಲಿ ಇತ್ತು, ಜಾರಿಯಲ್ಲಿ ಇರಲಿಲ್ಲ. ಈ ಕಾಯ್ದೆಯ ಕೇಸು ವಿಚಾರಿಸುವ ಸ್ಪರ್ಧಾ ಆಯೋಗದ ಅಧ್ಯಕ್ಷರು ನ್ಯಾಯಾಧೀಶರೇ ಆಗಿರಬೇಕಲ್ಲವಾ ಅಂತ ಸುಪ್ರೀಂ ಕೋರ್ಟಿನಲ್ಲಿ ಕೇಸು ಬಿದ್ದು, 2005ರಲ್ಲಿ ಅದು ಇತ್ಯರ್ಥವಾಗಿ, 2007ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಕೊನೆಗೆ ಮುಖ್ಯ ಕಲಂಗಳು ಜಾರಿಗೆ ಬಂದದ್ದು 2009ರ ಮೇ 20ಕ್ಕೆ. ಅಷ್ಟು ವರ್ಷ ನಾನು ಒಂದು ಕೇಸೂ ಇಲ್ಲದ ಕಾಯ್ದೆಯ ಮೇಲೆ ಥೀಸಿಸ್ ಬರೆಯುತ್ತಿದ್ದೆ. ಜೊತೆಯವರು "ಇನ್ನೂ ಹುಟ್ಟದ ಕೂಸಿಗೆ ಕುಲಾವಿ ಹೊಲ್ಯಾಕತ್ತಾಳ" ಅಂತ ನಗುತ್ತಿದ್ದರು. ಗೈಡ್ ಸರ್ ಮಾತ್ರ ಪ್ರತಿ ತಿಂಗಳೂ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುತ್ತಿದ್ದರು. ಒಮ್ಮೆ ನಾನೇ ಸೋತು, ವಿಷಯ ಬದಲಿಸಿಬಿಡಲಾ ಸರ್ ಅಂತ ಕೇಳಿದೆ. ಅವರು ಬೈಯಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. "ಐದನೇ ಚಾಪ್ಟರ್ ಯಾವಾಗ ಕೊಡ್ತಿ?" ಅಂದರು. ಅಷ್ಟೇ. ಮುಂದಿನ ತಿಂಗಳು ಕೊಟ್ಟೆ.

ಕಾಲೇಜ್ ರೋಡಿನ ಡಿಟಿಪಿ ಅಣ್ಣನನ್ನು ಹೇಗೆ ಮರೆಯಲಿ. ಒಂದು ಚಾಪ್ಟರಿನಲ್ಲಿ "ಎಂಆರ್‌ಟಿಪಿ ಕಮಿಷನ್" ಅಂತ ತಪ್ಪಾಗಿ ಬಿದ್ದಿದ್ದನ್ನು "ಕಾಂಪಿಟಿಷನ್ ಕಮಿಷನ್" ಮಾಡಿ ಅಂದಿದ್ದೆ. ಅವರು ಒಂದೇ ಗುಂಡಿ ಒತ್ತಿ ಮುನ್ನೂರು ಚಿಲ್ಲರೆ ಪುಟದಲ್ಲೂ ಬದಲಿಸಿಬಿಟ್ಟರು! 1970ರಲ್ಲಿ, ಸ್ಪರ್ಧಾ ಕಾಯ್ದೆಯೇ ಇಲ್ಲದ ಕಾಲದಲ್ಲಿ, ನನ್ನ ಥೀಸಿಸ್ಸಿನಲ್ಲಿ ಸ್ಪರ್ಧಾ ಆಯೋಗ ತೀರ್ಪು ಕೊಡುತ್ತಾ ಕೂತಿತ್ತು. ಗೊತ್ತಾಗಿದ್ದು ಸಬ್ಮಿಟ್ ಮಾಡುವ ಹಿಂದಿನ ಸಂಜೆ. ಅಣ್ಣ ಶಟರ್ ಅರ್ಧ ಇಳಿಸಿ ಕೂತರು. ನಾನು ಹಳೆಯ ಪ್ರಿಂಟ್ ನೋಡಿ ಪುಟದ ನಂಬರ್ ಹೇಳುವುದು, ಅವರು ಒಂದೊಂದೇ ತಿದ್ದುವುದು. ಹನ್ನೊಂದಕ್ಕೆ ಕರೆಂಟ್ ಹೋಯಿತು, ಹನ್ನೆರಡೂವರೆಗೆ ಬಂತು. ಅವರ ಮನೆಯವರು ಡಬ್ಬಿ ತುಂಬ ಒಗ್ಗರಣೆ ಅವಲಕ್ಕಿ ಕಳಿಸಿದರು. ರಾತ್ರಿ ಎರಡಕ್ಕೆ ಮುಗಿಯಿತು. ದುಡ್ಡು ಕೊಡಲು ಹೋದರೆ "ತಪ್ಪು ನಂದೈತ್ರಿ ಬಾಯಾರ" ಅಂತ ತೆಗೆದುಕೊಳ್ಳಲಿಲ್ಲ. ಒಂದು ಕಡೆ ಇನ್ನೂ ತಪ್ಪು ಉಳಿದಿದೆ ಅಣ್ಣ, 214ನೇ ಪುಟ. ಪರೀಕ್ಷಕರಿಗೂ ಕಾಣಲಿಲ್ಲ, ನಾನೂ ಹೇಳಿಲ್ಲ.

ಆಮೇಲೆ ಒಂದು ಕೆಟ್ಟ ಕಾಲ ಬಂತು. ಥೀಸಿಸ್ ಹೋಗಿ ಕೂತ ಕಡೆಯೇ ಒಂದೂವರೆ ವರ್ಷ ಕೂತಿತು. ಅಷ್ಟರಲ್ಲಿ ಕಾಯ್ದೆ ಜಾರಿಗೆ ಬಂದು, ಮೌಖಿಕ ಪರೀಕ್ಷೆಯಲ್ಲಿ "ಒಂದು ಕೇಸೂ ಚರ್ಚೆ ಮಾಡಿಲ್ಲವಲ್ಲ" ಅಂತ ನನ್ನನ್ನೇ ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರೊಫೆಸರ್ ಬಡ್ತಿಯ ಫೈಲು ಇನ್ನೊಂದು ಕಡೆ ಸಿಕ್ಕಿಕೊಂಡಿತ್ತು. ಇಂಟರ್‌ವ್ಯೂದಲ್ಲಿ ನಾನು ಮಾತಾಡುವಾಗ ಎದ್ದುಹೋಗಿ ಫೋನಿನಲ್ಲಿದ್ದವರೊಬ್ಬರು ಕೊನೆಗೆ ಬಂದು "ಅರ್ಹರಲ್ಲ" ಅಂತ ಸಹಿ ಹಾಕಿದರು. ಯಾರು, ಎಲ್ಲಿ ಅಂತ ಬರೆಯುವುದಿಲ್ಲ, ಈಗ ಅದರ ಸಿಟ್ಟೂ ಉಳಿದಿಲ್ಲ. ಸ್ವಲ್ಪ ಉಳಿದಿದೆ. ತಮಾಷೆ ಅಂದರೆ, ಸಿಮೆಂಟ್ ಕಂಪನಿಗಳ ಕೇಸಿನಲ್ಲಿ ಆಯೋಗ 2012ರಲ್ಲಿ 6,000 ಕೋಟಿಗೂ ಜಾಸ್ತಿ ದಂಡ ಹಾಕಿತ್ತಲ್ಲ, ಅದನ್ನು 2015ರ ಡಿಸೆಂಬರಿನಲ್ಲಿ ಮೇಲ್ಮನವಿ ಮಂಡಳಿ ಪಕ್ಕಕ್ಕಿಟ್ಟದ್ದು ಇಂಥದೇ ಕಾರಣಕ್ಕೆ. ವಾದ ಕೇಳದವರೂ ಆದೇಶಕ್ಕೆ ಸಹಿ ಮಾಡಿದ್ದರು. ಮತ್ತೆ ಮೊದಲಿಂದ ವಾದ ಕೇಳಿ, 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು. ಆ ತೀರ್ಪನ್ನು ಕ್ಲಾಸಿನಲ್ಲಿ ಓದುವಾಗ ನನ್ನ ದನಿ ಯಾಕೆ ಅಷ್ಟು ಏರುತ್ತಿತ್ತು ಅಂತ ಹುಡುಗರಿಗೆ ಅರ್ಥವಾಗುತ್ತಿರಲಿಲ್ಲ. ಈಗ ಗೊತ್ತಾಯಿತಾ?

ಆ ವರ್ಷಗಳಲ್ಲಿ ಮನೆ ನಡೆದದ್ದು ನಮ್ಮ ಯಜಮಾನರಿಂದ. ಬ್ಯಾಂಕಿನ ಕೆಲಸ ಮುಗಿಸಿ ಬಂದು ನನ್ನ ಝೆರಾಕ್ಸ್ ಪ್ರತಿಗಳಿಗೆ ಪಂಚ್ ಹೊಡೆದು ಫೈಲ್ ಮಾಡಿಡುತ್ತಿದ್ದರು. ಒಂದನ್ನೂ ಓದಿಲ್ಲ. ಅದಕ್ಕೂ ಥ್ಯಾಂಕ್ಸ್, ಓದಿದ್ದರೆ ವಾದ ಮಾಡುತ್ತಿದ್ದರು.

ಸಿಮೆಂಟ್ ಅಂದಾಗ ನಮ್ಮ ಮನೆ ಕಟ್ಟಿದ ಗೌಂಡಿ ಮಾಮಾ ನೆನಪಾದರು. "ಎಲ್ಲಾ ಕಂಪನಿದೂ ಒಂದ ದಿನ ರೇಟ್ ಏರತೈತಿ ನೋಡ್ರಿ" ಅಂತ ಅವರೇ ಮೊದಲು ತೋರಿಸಿದ್ದು. ಒಂದೇ ದಿನ ಏರಿತು ಅಂದ ಮಾತ್ರಕ್ಕೆ ಒಳ ಒಪ್ಪಂದ ಅಂತ ಆಗುವುದಿಲ್ಲ, ಎದುರಿನ ಅಂಗಡಿಯವನ ಬೋರ್ಡ್ ನೋಡಿಯೂ ಏರಿಸಬಹುದು. ಒಟ್ಟಿಗೆ ಕೂತು ಮಾತಾಡಿದ್ದು, ಲೆಕ್ಕ ಹಂಚಿಕೊಂಡದ್ದು, ಮಾಲು ಬೇಕಂತಲೇ ಕಡಿಮೆ ತಯಾರಿಸಿದ್ದು, ಹೀಗೆ ಇನ್ನೇನಾದರೂ ಸಿಗಬೇಕು. ನಾನು ಮಾಮಾಗೆ ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಂದ್ರ ಖಾನಾವಳ್ಯಾಗ ಸಿಗಬೇಕು ಅನ್ರಿ" ಅಂದರು. ಅಪ್ಪನ ಕತೆ ಅವರಿಗೆ ಹೇಳಿರಲೇ ಇಲ್ಲ ನಾನು.

ಈಗ ಹುಡುಗರು. ನಮ್ಮ ಕ್ಲಾಸಿನಲ್ಲಿ ಅರ್ಧ ಕನ್ನಡ, ಕಾಲು ಮರಾಠಿ, ಉಳಿದದ್ದು ಇಂಗ್ಲಿಷ್. ಖಾನಾಪುರದವರು, ನಿಪ್ಪಾಣಿಯವರು, ಜಮಖಂಡಿಯವರು. ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ನೋಟ್ಸ್ ಇರಲಿಲ್ಲ, ನಾನೇ ಮಾಡಲು ಕೂತೆ. "ಪ್ರಾಬಲ್ಯದ ದುರುಪಯೋಗ" ಅಂತ ಬೋರ್ಡಿನ ಮೇಲೆ ಬರೆದರೆ ಕೊನೆ ಬೆಂಚಿನಿಂದ ಒಬ್ಬ "ದೊಡ್ಡವನ ದರ್ಪ ಅಂದ್ರ ಮುಗೀತಲ್ರಿ ಮೇಡಂ" ಅಂದ. ಮುಗಿದೇ ಹೋಯಿತು. ದೊಡ್ಡವನಾಗಿರುವುದು ತಪ್ಪಲ್ಲ, ದರ್ಪ ತಪ್ಪು. ಹಳೆಯ ಕಾಯ್ದೆಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ನಾನು ಎರಡು ಪೀರಿಯಡ್ ತೆಗೆದುಕೊಂಡು ಹೇಳುತ್ತಿದ್ದೆ, ಅವನು ಎರಡು ಪದದಲ್ಲಿ ಹೇಳಿದ. 2022ರಲ್ಲಿ ಗೂಗಲ್‌ಗೆ ಆಂಡ್ರಾಯ್ಡ್ ವಿಷಯದಲ್ಲಿ 1,337 ಕೋಟಿ ದಂಡ ಬಿದ್ದಾಗ, ಈಗ ವಕೀಲನಾಗಿರುವ ಅದೇ ಹುಡುಗ ಮೆಸೇಜ್ ಕಳಿಸಿದ್ದ: "ದರ್ಪ, ಮೇಡಂ."

ನಿಪ್ಪಾಣಿಯ ಹುಡುಗಿಯೊಬ್ಬಳು ತನ್ನ ಅಜ್ಜ 1981ರ ತಂಬಾಕು ರೈತರ ಚಳವಳಿಗೆ ಹೋಗಿದ್ದನ್ನು ಹೇಳಿದಾಗ ಇಡೀ ಕ್ಲಾಸು ಸುಮ್ಮನಾಗಿತ್ತು. ಮಾರುವವರು ಸಾವಿರ, ಕೊಳ್ಳುವವರು ಬೆರಳೆಣಿಕೆ ಅಂದರೆ ಏನಾಗುತ್ತದೆ ಅಂತ ಅವತ್ತು ನಾನು ಬಿಡಿಸಿ ಹೇಳುವ ಕೆಲಸವೇ ಇರಲಿಲ್ಲ. ಜಮಖಂಡಿಯ ಕಬ್ಬಿನ ಮನೆಯ ಹುಡುಗರದು ಇನ್ನೊಂದು ಪ್ರಶ್ನೆ. 2018ರಲ್ಲಿ ಎಥನಾಲ್ ಟೆಂಡರಿನಲ್ಲಿ ಒಂದಾಗಿ ರೇಟು ಹಾಕಿದರು ಅಂತ 18 ಸಕ್ಕರೆ ಕಾರ್ಖಾನೆಗಳಿಗೂ ಎರಡು ಸಂಘಗಳಿಗೂ ಸುಮಾರು 38 ಕೋಟಿ ದಂಡ ಬಿತ್ತು. ಅದು ಮೇಲ್ಮನವಿಗೆ ಹೋದದ್ದು ಬೇರೆ ಕತೆ. ಹುಡುಗರು ಕೇಳಿದ್ದು, "ಟೆಂಡರ್ ಕರೆದ ಎಣ್ಣಿ ಕಂಪನಿಗೆ ಮೋಸ ಆದ್ರ ಕೇಸ್ ಐತಿ, ಕಬ್ಬಿನ ತೂಕದಾಗ ನಮಗಾದ್ರ?" ಅದು ತೂಕ ಮತ್ತು ಅಳತೆಯ ಬೇರೆ ಕಾಯ್ದೆಗೆ ಬರುತ್ತದೆ ಅಂತ ಸರಿಯಾದ ಉತ್ತರವನ್ನೇ ಕೊಟ್ಟೆ. ಅವರ ಮುಖ ನೋಡಿದರೆ ಅದು ಉತ್ತರ ಅನಿಸಿರಲಿಲ್ಲ.

ಎಲ್ಲಕ್ಕಿಂತ ಜೋರು ಜಗಳ ಆದದ್ದು 2015ರಲ್ಲಿ, ಡಬ್ಬಿಂಗ್ ಕೇಸು. ಬೇರೆ ಭಾಷೆಯ ಸಿನಿಮಾ, ಧಾರಾವಾಹಿ ಕನ್ನಡಕ್ಕೆ ಡಬ್ ಆಗದಂತೆ ತಡೆಯುತ್ತಾರೆ ಅಂತ ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತ್ತು. ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿಯ ವಿರುದ್ಧ ಆದೇಶ ಕೊಟ್ಟಿತು. ಕ್ಲಾಸು ಎರಡು ಭಾಗ ಆಯಿತು. ಕನ್ನಡ ಉಳಿಯಬೇಕು ಅಂತ ಇವರು, ಕನ್ನಡದಲ್ಲೇ ನೋಡಬೇಕು ಅಂತಲೇ ಡಬ್ಬಿಂಗ್ ಬೇಕು ಅಂತ ಅವರು. ಮರಾಠಿ ಹುಡುಗರು ನಡುವೆ ಕೂತು ಮಜಾ ತೆಗೆದುಕೊಂಡರು. ನನ್ನ ಅಭಿಪ್ರಾಯ ಕೇಳಿದಾಗ ಆಯೋಗದ ಪರ ಅಂದೆ. ಎರಡು ದಿನ ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದರು. ಇಬ್ಬರೂ ನನ್ನ ಬೀಳ್ಕೊಡುಗೆಗೆ ಬಂದಿದ್ದರು. ಈಗಲೂ ಒಪ್ಪುವುದಿಲ್ಲವಂತೆ.

ಇನ್ನೊಂದು ಸಾಲ ಉಳಿದಿದೆ. ರಿಟೈರ್ ಆಗುವವರು ನೋ ಡ್ಯೂಸ್ ಫಾರ್ಮಿಗೆ ಎಲ್ಲ ಕಡೆ ಸಹಿ ಹಾಕಿಸಬೇಕು. ಲೈಬ್ರರಿಯಲ್ಲಿ ಈಗಿರುವವನು ನನ್ನದೇ ಹಳೆಯ ವಿದ್ಯಾರ್ಥಿ. ಕಂಪ್ಯೂಟರ್ ನೋಡಿ, ತಲೆ ಕೆರೆದುಕೊಂಡು, "ಮೇಡಂ, 2003ರಾಗ ಒಂದು ಬೇರ್ ಆ್ಯಕ್ಟ್ ಒಯ್ದೀರಿ" ಅಂದ. ಬರೀ ಕಾಯ್ದೆಯ ಕಲಂಗಳಷ್ಟೇ ಇರುವ ಪುಸ್ತಕ ಅದು, ಸ್ಪರ್ಧಾ ಕಾಯ್ದೆಯದು, ಬೆಲೆ 30 ರೂಪಾಯಿ. ಆಗಿನ ಲೈಬ್ರರಿ ಕಾಕಾ ಅಂಚೆಯಲ್ಲಿ ಬಂದ ಕಟ್ಟು ಬಿಚ್ಚಿದ ದಿನವೇ ನನ್ನನ್ನು ಕರೆದು ಕೊಟ್ಟಿದ್ದರು, ನಂಬರ್ ಬರೆದ ಶಾಯಿ ಇನ್ನೂ ಒಣಗಿರಲಿಲ್ಲ. 2007ರ ತಿದ್ದುಪಡಿ, 2023ರ ತಿದ್ದುಪಡಿ, ಎಲ್ಲ ಅದರ ಅಂಚಿನಲ್ಲೇ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೇನೆ, ರಟ್ಟು ಹೋಗಿ ಖಣದ ಬಟ್ಟೆ ಹಚ್ಚಿದ್ದೇನೆ. ಹತ್ತು ಪಟ್ಟು ದುಡ್ಡು ಕಟ್ಟುತ್ತೇನೆ, ಬಿಟ್ಟುಬಿಡಪ್ಪ ಅಂದೆ. "ರೂಲ್ಸಿನಾಗ ಎರಡು ಪಟ್ಟು ಐತ್ರಿ ಮೇಡಂ" ಅಂದ. 60 ರೂಪಾಯಿ ಕಟ್ಟಿಸಿಕೊಂಡು, ರಸೀದಿ ಹರಿದು ಕೊಟ್ಟು, ಸಹಿ ಹಾಕಿದ.