ಆ ಹೆಸರುಗಳನ್ನು ನಮ್ಮ ಮಕ್ಕಳೂ ಓದಲಿ

ಪುಣೆಯ ಕನ್ನಡ ಬಾಂಧವರಿಗೆ ನಮ್ಮ ಕನ್ನಡ ಶಾಲೆಯ ಪಾಲಕರ ಸಮಿತಿಯ ನಮಸ್ಕಾರಗಳು.

ಕಳೆದ ಡಿಸೆಂಬರ್‌ನಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಘೋರ್ಪಡಿಯ ಯುದ್ಧ ಸ್ಮಾರಕಕ್ಕೆ ಕರೆದೊಯ್ದಿದ್ದೆವು. ಗೇಟು ದಾಟಿದ್ದೇ ತಡ, ಎಲ್ಲರೂ ಅಲ್ಲಿ ನಿಲ್ಲಿಸಿರುವ ಮಿಗ್-23 ವಿಮಾನದ ಬಳಿಗೆ ಓಡಿದರು. ನಮ್ಮ ಜೊತೆ ಒಬ್ಬ ವಿದ್ಯಾರ್ಥಿನಿಯ ಅಜ್ಜ ಬಂದಿದ್ದರು. ಮರಾಠಾ ಲಘು ಪದಾತಿದಳದಿಂದ ನಿವೃತ್ತರಾದ ಹವಾಲ್ದಾರರು, ಅಥಣಿಯ ಕಡೆಯವರು. ಅವರು ಚಪ್ಪಲಿ ಬಿಟ್ಟು, ಹುತಾತ್ಮರ ಹೆಸರುಗಳನ್ನು ಕೆತ್ತಿರುವ ಕಡೆಗೆ ನಡೆದರು. ಕನ್ನಡಕ ಸರಿಪಡಿಸಿಕೊಂಡು ಬೆರಳಿನಿಂದ ಸಾಲು ಸಾಲಾಗಿ ಹುಡುಕುತ್ತ ಹೋಗಿ ಒಂದು ಹೆಸರಿನ ಮೇಲೆ ನಿಂತರು. "ಬೆಳಗಾವಿಯ ಸೆಂಟರ್‌ನಲ್ಲಿ ಇವನ ಮಂಚ ನನ್ನ ಮಂಚದ ಪಕ್ಕದಲ್ಲೇ ಇತ್ತು. ನನಗೆ ಮರಾಠಿ ಕಲಿಸಿದವನು ಇವನೇ. ನಾನು ಇವನಿಗೆ ಕನ್ನಡದಲ್ಲಿ ನೂರರವರೆಗೆ ಎಣಿಸಲು ಕಲಿಸಿದ್ದೆ" ಎಂದರು. ಮೊಮ್ಮಗಳು ಆ ಹೆಸರನ್ನು ಓದಿದಳು. ಅಜ್ಜ ಇನ್ನೊಮ್ಮೆ, ಗಟ್ಟಿಯಾಗಿ ಓದಿಸಿದರು. ಅಷ್ಟರಲ್ಲಿ ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಅವರ ಹಿಂದೆ ನಿಂತಿದ್ದರು.

ಅಂದು ನಮ್ಮ ಕೈಯಲ್ಲಿದ್ದ ಹಣ ಒಂದೇ ಬಸ್ಸಿಗೆ ಸಾಕಾಗಿತ್ತು. ಈ ಸಲ ಐದರಿಂದ ಹತ್ತನೆಯ ತರಗತಿಯವರೆಗಿನ ಎಲ್ಲ ಮಕ್ಕಳೂ ಹೋಗಬೇಕು. ಇವರಲ್ಲಿ ಅನೇಕರು ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಪ್ರವಾಸದ ಶುಲ್ಕ ಎಂದೊಡನೆ ಮನೆಯಲ್ಲಿ ಕೇಳಲು ಹಿಂಜರಿದು, ಆ ದಿನ ಶಾಲೆಗೇ ಬಾರದೆ ಉಳಿದುಬಿಡುತ್ತಾರೆ. ಹಾಗಾಗಿ ಅವರಿಂದ ಒಂದು ರೂಪಾಯಿಯನ್ನೂ ಪಡೆಯಬಾರದೆಂದು ನಿರ್ಧರಿಸಿದ್ದೇವೆ. ಬಸ್ಸಿನ ಬಾಡಿಗೆ, ಹೂವು, ಬೆಳಗಿನ ಉಪ್ಪಿಟ್ಟು ಎಲ್ಲ ಸೇರಿ ಒಂದು ಮಗುವಿಗೆ 250 ರೂಪಾಯಿ ಬೇಕು.

ಆ ಸ್ಮಾರಕವೂ ಜನರ ದೇಣಿಗೆಯಿಂದಲೇ ಎದ್ದದ್ದು. ನಾಗರಿಕರು ಹಣ ಕೂಡಿಸಿ ಕಟ್ಟಿಸಿದ ಅದು 1998ರ ಆಗಸ್ಟ್ 15ರಂದು ಲೋಕಾರ್ಪಣೆಯಾಯಿತು. ಊರಿನ ಜನ ಅಂದು ಕೊಟ್ಟಂತೆಯೇ ನೀವೂ ಕೈಲಾದಷ್ಟು ಕೊಡಿ. ಒಂದು ಮಗುವಿನ ಖರ್ಚು ಹೊತ್ತರೂ ನಮಗೆ ಅದು ದೊಡ್ಡದೇ. ಖರ್ಚಾಗಿ ಉಳಿದದ್ದನ್ನು ಖಡ್ಕಿಯಲ್ಲಿರುವ ಯೋಧರ ಪುನರ್ವಸತಿ ಕೇಂದ್ರಕ್ಕೆ ತಲುಪಿಸುತ್ತೇವೆ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಬದುಕು ನಡೆಸುತ್ತಿರುವ ಸೈನಿಕರು ಅಲ್ಲಿದ್ದಾರೆ. ಪುಣೆಯಲ್ಲೇ ಹತ್ತಾರು ವರ್ಷ ಕಳೆದ ನಮ್ಮವರಲ್ಲೂ ಎಷ್ಟೋ ಜನಕ್ಕೆ ಇದು ತಿಳಿದಿಲ್ಲ ಎಂಬುದು ನಮಗೆ ನೋವಿನ ಸಂಗತಿ.

ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. ಆ ವಾರದಲ್ಲೇ ಹೊರಡುವ ಯೋಚನೆಯಿದೆ. ನವೆಂಬರ್ ಕೊನೆಯೊಳಗೆ ಶಾಲೆಯ ಕಚೇರಿಯಲ್ಲಿ ದೇಣಿಗೆ ನೀಡಿ ರಸೀದಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ.

ಹಣ ಕೊಡಲು ಬಂದಾಗ ಕಚೇರಿಯಲ್ಲಿಟ್ಟಿರುವ ವಹಿಯಲ್ಲಿ ನಿಮ್ಮ ಮನೆಯ, ನಿಮ್ಮ ಊರಿನ ಹುತಾತ್ಮ ಯೋಧರ ಹೆಸರನ್ನೂ ಬರೆದು ಹೋಗಿ. ಅಲ್ಲಿ ಹೂವಿಟ್ಟ ಮೇಲೆ ಮಕ್ಕಳು ಅವನ್ನೂ ಓದುತ್ತಾರೆ. ಮೊದಲ ಹೆಸರನ್ನು ಅವರೇ ಬರೆದಿದ್ದಾರೆ: 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದ, ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ.